ಜ್ವರ ಇಳಿದ ದಿನವೇ ಹೆಚ್ಚು ಎಚ್ಚರ: ಡೆಂಗಿಯಲ್ಲಿ ರಕ್ತನಾಳ ಸೋರುವುದೇಕೆ?

ನಾಲ್ಕು ದಿನ ಸುಟ್ಟ ಜ್ವರ ಐದನೇ ದಿನ ಬೆಳಿಗ್ಗೆ ಇಳಿಯುತ್ತದೆ. ಮನೆಯವರು ‘ಅಲ್‌ಹಮ್ದುಲಿಲ್ಲಾಹ್’ ಎಂದು ನಿಟ್ಟುಸಿರು ಬಿಡುತ್ತಾರೆ. ರಾತ್ರಿಯೆಲ್ಲ ಎದ್ದು ಕೂತಿದ್ದ ತಾಯಿ ಒಂದಿಷ್ಟು ಅಡ್ಡಾಗುತ್ತಾರೆ, ತಂದೆ ಅಂಗಡಿಯ ಬಾಗಿಲು ತೆರೆಯಲು ಹೋಗುತ್ತಾರೆ. ಮಗು ಮಾತ್ರ ಹಾಸಿಗೆ ಬಿಟ್ಟು ಏಳುವುದಿಲ್ಲ. ಹೊಟ್ಟೆ ನೋವು ಅನ್ನುತ್ತದೆ, ಕುಡಿಸಿದ್ದನ್ನು ವಾಂತಿ ಮಾಡುತ್ತದೆ, ಮುಟ್ಟಿ ನೋಡಿದರೆ ಕೈಕಾಲು ತಣ್ಣಗಿರುತ್ತವೆ. ‘ಜ್ವರ ಬಿಟ್ಟ ಸುಸ್ತು, ಸಂಜೆ ಹೊತ್ತಿಗೆ ಸರಿಹೋಗುತ್ತದೆ’ ಎಂದು ಹಿರಿಯರು ಸಮಾಧಾನ ಹೇಳುತ್ತಾರೆ.

ಅದು ಡೆಂಗಿಯಾಗಿದ್ದರೆ ಆ ಸಂಜೆಯವರೆಗೆ ಕಾಯುವುದೇ ಅಪಾಯ. ಉಳಿದ ಜ್ವರಗಳಲ್ಲಿ ಮೈ ತಣ್ಣಗಾಗುವುದು ಗುಣವಾಗುವ ಸೂಚನೆ. ಡೆಂಗಿಯಲ್ಲಿ ಮೈ ತಣ್ಣಗಾಗುವ ಹೊತ್ತಿಗೇ ಅಪಾಯದ 24ರಿಂದ 48 ಗಂಟೆಗಳು ಶುರುವಾಗುತ್ತವೆ. ಹೀಗೇಕೆ ಎಂಬುದು ಬಹುಕಾಲ ವೈದ್ಯರಿಗೂ ಪೂರ್ತಿ ಅರ್ಥವಾಗಿರಲಿಲ್ಲ. ಕಳೆದ ಹತ್ತು ಹನ್ನೆರಡು ವರ್ಷಗಳ ಸಂಶೋಧನೆ ಅದಕ್ಕೆ ಬಹುಮಟ್ಟಿಗೆ ಉತ್ತರ ಕೊಟ್ಟಿದೆ. ಆ ಉತ್ತರ ಇರುವುದು ನಮ್ಮ ರಕ್ತನಾಳದ ಒಳಗೋಡೆಯಲ್ಲಿ, ಅಲ್ಲಿನ ಜೀವಕೋಶಗಳಿಗೆ ಆಕಾರವನ್ನೂ ಚಲನೆಯನ್ನೂ ಕೊಡುವ ಪ್ರೋಟೀನಿನ ಎಳೆಗಳಲ್ಲಿ. ಇದನ್ನು ಒಮ್ಮೆ ಅರ್ಥಮಾಡಿಕೊಂಡರೆ ರೋಗಿಯ ಪಕ್ಕದಲ್ಲಿ ಕೂತವರು ಏನನ್ನು ಗಮನಿಸಬೇಕು, ಯಾವುದಕ್ಕೆ ಗಾಬರಿಯಾಗಬಾರದು ಎಂಬುದು ತಾನಾಗಿ ತಿಳಿಯುತ್ತದೆ.

ಇದು ನಮ್ಮ ಜಿಲ್ಲೆಗೆ ದೂರದ ವಿಷಯವಲ್ಲ. 2024ರ ಮಳೆಗಾಲದಲ್ಲಿ ರಾಜ್ಯದಲ್ಲಿ ಡೆಂಗಿ ಹಬ್ಬಿದಾಗ ಹೆಚ್ಚು ಪ್ರಕರಣಗಳಿದ್ದ ಜಿಲ್ಲೆಗಳ ಸಾಲಿನಲ್ಲಿ ಹಾವೇರಿಯೂ ಇತ್ತು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ರಾಜ್ಯ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚನೆ ಹೊರಡಿಸಿತು.

ಕಾವಲುಗಾರನ ಹೆಗಲೇರಿ ಬರುವ ವೈರಸ್

ಡೆಂಗಿ ಹರಡುವುದು ಈಡಿಸ್ ಎಂಬ ಸೊಳ್ಳೆಯಿಂದ. ಮೈಕಾಲುಗಳ ಮೇಲೆ ಬಿಳಿ ಪಟ್ಟೆಗಳಿರುವ ಸಣ್ಣ ಕಪ್ಪು ಸೊಳ್ಳೆ ಅದು. ಸೋಂಕಿರುವ ಸೊಳ್ಳೆ ಕಚ್ಚಿದಾಗ ವೈರಸ್ ಮೊದಲು ಬೀಳುವುದು ಚರ್ಮದಲ್ಲಿ. ಚರ್ಮದಲ್ಲಿ ಕಾವಲಿಗೆಂದೇ ಇರುವ ಜೀವಕೋಶಗಳಿವೆ. ಹೊರಗಿನಿಂದ ಬಂದದ್ದನ್ನು ಹಿಡಿದು, ಹತ್ತಿರದ ದುಗ್ಧಗ್ರಂಥಿಗೆ ನಡೆದು ಹೋಗಿ, ‘ಇಂಥ ಶತ್ರು ಬಂದಿದ್ದಾನೆ’ ಎಂದು ತೋರಿಸುವುದು ಅವುಗಳ ಕೆಲಸ. ಕಂಕುಳಲ್ಲಿ, ತೊಡೆಸಂದಿಯಲ್ಲಿ, ಕುತ್ತಿಗೆಯಲ್ಲಿ ಒಮ್ಮೊಮ್ಮೆ ಗಂಟಿನಂತೆ ಕೈಗೆ ಸಿಗುವುದು ಈ ದುಗ್ಧಗ್ರಂಥಿಗಳೇ. ಡೆಂಗಿ ವೈರಸ್ಸಿನ ಮೊದಲ ಕುತಂತ್ರ ಇಲ್ಲಿದೆ. ಅದು ಆ ಕಾವಲು ಕೋಶದೊಳಗೇ ಸೇರಿಕೊಳ್ಳುತ್ತದೆ. ಕಾವಲುಗಾರ ತನ್ನ ಕರ್ತವ್ಯ ಮಾಡುತ್ತ ಗ್ರಂಥಿಯ ಕಡೆ ನಡೆದಾಗ ಶತ್ರುವೂ ಅವನ ಹೆಗಲೇರಿ ಊರೊಳಗೆ ಬರುತ್ತಾನೆ. ಅಲ್ಲಿಂದ ಮುಂದೆ ರಕ್ತಕ್ಕೆ ದಾರಿ ಸುಲಭ.

ಜೀವಕೋಶ ನಡೆಯುತ್ತದೆ ಎಂದರೆ ಹೇಗೆ? ಅದಕ್ಕೆ ಕಾಲಿಲ್ಲ. ಆದರೆ ಒಳಗೆ ಆಕ್ಟಿನ್ ಎಂಬ ಪ್ರೋಟೀನಿನ ಕೋಟ್ಯಂತರ ಸಣ್ಣ ಮಣಿಗಳಿವೆ. ಈ ಮಣಿಗಳು ಒಂದಕ್ಕೊಂದು ಸೇರಿ ಎಳೆಯಾಗುತ್ತವೆ. ಎಳೆ ಒಂದು ತುದಿಯಲ್ಲಿ ಬೆಳೆಯುತ್ತ ಇನ್ನೊಂದು ತುದಿಯಲ್ಲಿ ಕಳಚಿಕೊಳ್ಳುತ್ತ ಹೋಗುತ್ತದೆ. ಮುಂದಿನ ಕಡೆ ಬೆಳೆದ ಎಳೆಗಳು ಕೋಶದ ಪೊರೆಯನ್ನು ಮುಂದಕ್ಕೆ ತಳ್ಳುತ್ತವೆ, ಹಿಂದಿನ ಕಡೆ ಮಯೋಸಿನ್ ಎಂಬ ಇನ್ನೊಂದು ಪ್ರೋಟೀನು ಎಳೆಗಳನ್ನು ಜಗ್ಗಿ ಹಿಂಭಾಗವನ್ನು ಎಳೆದುಕೊಳ್ಳುತ್ತದೆ. ಹೀಗೆ ಕೋಶ ತೆವಳುತ್ತದೆ. ಗಾಯ ಮಾಯುವುದು, ಕೀವಿರುವ ಜಾಗಕ್ಕೆ ಬಿಳಿ ರಕ್ತಕಣಗಳು ಓಡಿ ಬರುವುದು, ತಾಯಿಯ ಹೊಟ್ಟೆಯಲ್ಲಿ ಮಗುವಿನ ಅಂಗಗಳು ರೂಪುಗೊಳ್ಳುವುದು, ಎಲ್ಲಕ್ಕೂ ಈ ಎಳೆಗಳು ಬೇಕು. ನಮ್ಮ ಸ್ನಾಯುಗಳು ಕುಗ್ಗುವುದೂ ಇದೇ ಆಕ್ಟಿನ್ ಮತ್ತು ಮಯೋಸಿನ್‌ಗಳ ಜಗ್ಗಾಟದಿಂದ.

ಇಲ್ಲಿ ಬ್ಯಾಡಗಿಯವರಿಗೆ ಇಷ್ಟವಾಗುವ ಒಂದು ಸಂಗತಿ ಹೇಳಿಬಿಡಬೇಕು. ಆಕ್ಟಿನ್ ಅನ್ನು 1942ರಲ್ಲಿ ಕಂಡುಹಿಡಿದವರು ಬ್ರೂನೋ ಸ್ಟ್ರೌಬ್, ಹಂಗೇರಿ ದೇಶದ ಸೆಗೆಡ್ ಎಂಬ ಊರಿನಲ್ಲಿ. ಅವರು ಕೆಲಸ ಮಾಡುತ್ತಿದ್ದ ಪ್ರಯೋಗಾಲಯದ ಮುಖ್ಯಸ್ಥ ಆಲ್ಬರ್ಟ್ ಸೆಂಟ್ ಜ್ಯಾರ್ಜಿ. ಸೆಗೆಡ್ ನಮ್ಮ ಬ್ಯಾಡಗಿಯ ಹಾಗೆ ಮೆಣಸಿನಕಾಯಿಗೆ ಹೆಸರಾದ ಊರು. ಅಲ್ಲಿನ ಕಾಯಿಯೂ ಬ್ಯಾಡಗಿ ಕಾಯಿಯಂತೆ ಖಾರಕ್ಕಿಂತ ಬಣ್ಣಕ್ಕೆ ಪ್ರಸಿದ್ಧ. ಸೆಂಟ್ ಜ್ಯಾರ್ಜಿ ವಿಟಮಿನ್ ಸಿಯನ್ನು ಹೇರಳವಾಗಿ ಬೇರ್ಪಡಿಸಿದ್ದು ಆ ಊರಿನ ಮೆಣಸಿನಕಾಯಿಯಿಂದಲೇ. 1937ರಲ್ಲಿ ಅವರಿಗೆ ನೊಬೆಲ್ ಪ್ರಶಸ್ತಿ ಬಂತು.

ಮಣಿಗಳಿದ್ದರೆ ಸಾಲದು, ಯಾವಾಗ ಎಲ್ಲಿ ಎಳೆ ನೇಯಬೇಕು ಎಂದು ಹೇಳುವ ಮೇಸ್ತ್ರಿಗಳೂ ಬೇಕು. ಲಂಡನ್ನಿನಲ್ಲಿ ಆ್ಯನ್ ರಿಡ್ಲಿ ಮತ್ತು ಆ್ಯಲನ್ ಹಾಲ್ 1992ರಲ್ಲಿ ಅಂಥ ಇಬ್ಬರು ಮೇಸ್ತ್ರಿಗಳ ಕೆಲಸ ತೋರಿಸಿಕೊಟ್ಟರು. ‘ರ‍್ಯಾಕ್’ ಎಂಬ ಪ್ರೋಟೀನು ಚುರುಕಾದರೆ ಕೋಶದ ಅಂಚಿನಲ್ಲಿ ಎಳೆಗಳ ಜಾಲ ಹೆಣೆದು ಅಂಚು ಹರಡಿಕೊಳ್ಳುತ್ತದೆ. ‘ರೋ’ ಎಂಬ ಪ್ರೋಟೀನು ಚುರುಕಾದರೆ ಎಳೆಗಳು ದಪ್ಪ ಹಗ್ಗಗಳಂತೆ ಕೂಡಿ ಕೋಶವನ್ನು ಬಿಗಿಯಾಗಿ ಜಗ್ಗುತ್ತವೆ. ಈ ಎರಡು ಹೆಸರು ಮರೆತರೂ ಚಿಂತೆಯಿಲ್ಲ. ಒಂದು ಹರಡಿಸುತ್ತದೆ, ಇನ್ನೊಂದು ಜಗ್ಗುತ್ತದೆ ಎಂಬುದು ನೆನಪಿದ್ದರೆ ಸಾಕು.

ಏಲಕ್ಕಿ ಹಾರದ ದಾರ

ಈಗ ರಕ್ತನಾಳಕ್ಕೆ ಬರೋಣ. ನಾಳದ ಒಳಮೈಗೆ ಒಂದೇ ಒಂದು ಪದರದಷ್ಟು ತೆಳುವಾದ ಕೋಶಗಳ ಹಾಸಿದೆ. ನೆಲಕ್ಕೆ ಫರಸಿ ಜೋಡಿಸಿದ ಹಾಗೆ ಒಂದರ ಪಕ್ಕ ಒಂದು ಒತ್ತಿ ಕೂತಿರುತ್ತವೆ. ಈ ಹಾಸಿನ ಮೇಲೆ ಸಕ್ಕರೆಯ ಅಣುಗಳಿಂದಾದ ಒಂದು ಮೆದು ಲೇಪವೂ ಇದೆ. ರಕ್ತದ ನೀರಿನಂಶ ಹೊರಗೆ ಹೋಗದಂತೆ ತಡೆಯುವುದು ಇವೆರಡೂ ಸೇರಿ.

ಫರಸಿಗಳ ನಡುವೆ ಸಿಮೆಂಟ್ ಇರುತ್ತದೆ. ಈ ಕೋಶಗಳ ನಡುವೆ ಸಿಮೆಂಟ್ ಇಲ್ಲ, ಕೊಂಡಿಗಳಿವೆ. ಅವು ಕ್ಯಾಡ್ಹೆರಿನ್ ಎಂಬ ಪ್ರೋಟೀನಿನವು. ಪಕ್ಕಪಕ್ಕದ ಎರಡು ಕೋಶಗಳ ಕೊಂಡಿಗಳು ಕೈಕೈ ಹಿಡಿದಂತೆ ಸೇರಿಕೊಂಡಿರುತ್ತವೆ, ಅವುಗಳ ಬುಡ ಮಾತ್ರ ಕೋಶದೊಳಗೆ ಆಕ್ಟಿನ್ ಎಳೆಗಳಿಗೆ ಕಟ್ಟಿರುತ್ತದೆ. ಹಾವೇರಿಯ ಏಲಕ್ಕಿ ಹಾರ ನೆನಪಿಸಿಕೊಳ್ಳಿ. ನಮ್ಮ ಪಟವೇಗಾರರ ಕೈಕೆಲಸ ಅದು, ದೇಶದ ದೊಡ್ಡ ದೊಡ್ಡವರ ಕೊರಳಿಗೆ ಬಿದ್ದಿದೆ. ದಾರದ ಬಿಗಿ ಸರಿಯಾಗಿದ್ದರೆ ಏಲಕ್ಕಿಗಳ ನಡುವೆ ಸಂದು ಕಾಣುವುದಿಲ್ಲ. ಯಾರಾದರೂ ದಾರವನ್ನು ಅಲ್ಲಲ್ಲಿ ಅಡ್ಡಾದಿಡ್ಡಿ ಜಗ್ಗಿದರೆ ಒಂದೂ ಏಲಕ್ಕಿ ಒಡೆಯದಿದ್ದರೂ ಸಂದುಗಳು ಬಾಯಿ ಬಿಡುತ್ತವೆ.

ಡೆಂಗಿಯಲ್ಲಿ ಆಗುವುದು ಹೆಚ್ಚುಕಡಿಮೆ ಇದೇ. ರಕ್ತನಾಳ ಹರಿಯುವುದಿಲ್ಲ, ಕೋಶಗಳು ಸಾಯಲೇಬೇಕೆಂದಿಲ್ಲ. ಒಳಗಿನ ಎಳೆಗಳು ತಪ್ಪು ದಿಕ್ಕಿಗೆ ಜಗ್ಗುತ್ತವೆ, ಕೊಂಡಿಗಳು ಕಳಚುತ್ತವೆ, ಸಂದು ಬೀಳುತ್ತದೆ, ರಕ್ತದ ನೀರು ಮತ್ತು ಅದರಲ್ಲಿರುವ ಪ್ರೋಟೀನು ಹೊಟ್ಟೆಯೊಳಗೆ, ಶ್ವಾಸಕೋಶದ ಸುತ್ತ ಸೋರಿಹೋಗುತ್ತದೆ. ನಾಳದೊಳಗೆ ರಕ್ತದ ಪ್ರಮಾಣ ಕುಸಿಯುತ್ತದೆ. ಮೆದುಳಿಗೆ, ಮೂತ್ರಪಿಂಡಕ್ಕೆ, ಕೈಕಾಲಿಗೆ ರಕ್ತ ಸಾಲದಾಗುತ್ತದೆ. ಕೈಕಾಲು ತಣ್ಣಗಾಗುವುದು, ಮೂತ್ರ ಕಡಿಮೆಯಾಗುವುದು, ಮಗು ಮಂಕಾಗುವುದು ಎಲ್ಲವೂ ಇದರ ಫಲ. ಇದನ್ನೇ ವೈದ್ಯರು ಡೆಂಗಿ ಶಾಕ್ ಎನ್ನುವುದು.

ದಾರ ಜಗ್ಗುವವರು ಯಾರು? ಬಹಳ ವರ್ಷ ಎಲ್ಲ ಬೆರಳೂ ತೋರಿಸುತ್ತಿದ್ದದ್ದು ನಮ್ಮದೇ ರೋಗನಿರೋಧಕ ವ್ಯವಸ್ಥೆಯ ಕಡೆಗೆ. ವೈರಸ್ಸಿನ ಮೇಲೆ ಸಿಟ್ಟಾಗಿ ಅದು ಸುರಿಸುವ ರಾಸಾಯನಿಕಗಳು ನಾಳದ ಗೋಡೆಯನ್ನೂ ಸಡಿಲಿಸುತ್ತವೆ ಎಂಬುದು ನಿಜವೇ. ಆದರೆ 2015ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿ ಇವಾ ಹ್ಯಾರಿಸ್ ಅವರ ತಂಡ ಮತ್ತು ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡ್‌ನಲ್ಲಿ ಪಾಲ್ ಯಂಗ್ ಅವರ ತಂಡ ಒಂದೇ ಹೊತ್ತಿಗೆ ಇನ್ನೊಬ್ಬ ಅಪರಾಧಿಯನ್ನು ಹಿಡಿದುಕೊಟ್ಟವು. ಅದು ಎನ್‌ಎಸ್1 ಎಂಬ ಪ್ರೋಟೀನು. ಸೋಂಕು ತಗುಲಿದ ಕೋಶಗಳು ಇದನ್ನು ರಕ್ತಕ್ಕೆ ಬಿಡುಗಡೆ ಮಾಡುತ್ತವೆ. ವೈರಸ್ ಇಲ್ಲದೆ ಬರೀ ಈ ಪ್ರೋಟೀನನ್ನು ಪ್ರಯೋಗಾಲಯದಲ್ಲಿ ನಾಳದ ಕೋಶಗಳ ಮೇಲೆ ಹಾಕಿದರೂ ಅವು ಸೋರತೊಡಗಿದವು. ಇಲಿಗಳಿಗೆ ಕೊಟ್ಟಾಗಲೂ ಹಾಗೇ ಆಯಿತು. ಮರುವರ್ಷ ಹ್ಯಾರಿಸ್ ಅವರ ತಂಡವೇ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಎನ್‌ಎಸ್1 ಆ ಸಕ್ಕರೆಯ ಲೇಪವನ್ನು ಕತ್ತರಿಸುವ ಕಿಣ್ವಗಳನ್ನು ಎಚ್ಚರಿಸುತ್ತದೆ ಎಂದು ತೋರಿಸಿತು. ಮೊದಲು ಲೇಪ ಹೋಗುತ್ತದೆ, ಆಮೇಲೆ ಕೊಂಡಿ ಕಳಚುತ್ತದೆ.

ಈ ಹೆಸರು ನಿಮಗೆ ಹೊಸದಲ್ಲ. ಜ್ವರ ಬಂದ ಮೊದಲ ದಿನಗಳಲ್ಲಿ ಲ್ಯಾಬಿನವರು ‘ಎನ್‌ಎಸ್1 ಪಾಸಿಟಿವ್’ ಎಂದು ಬರೆದುಕೊಡುತ್ತಾರಲ್ಲ, ಅವರು ಹುಡುಕುವುದು ಇದೇ ಪ್ರೋಟೀನನ್ನು. ಮೊದಲ ನಾಲ್ಕೈದು ದಿನ ಈ ಪರೀಕ್ಷೆ ಚೆನ್ನಾಗಿ ಹಿಡಿಯುತ್ತದೆ. ಆಮೇಲೆ ದೇಹ ತಯಾರಿಸಿದ ಐಜಿಎಂ ಪ್ರತಿಕಾಯವನ್ನು ನೋಡಬೇಕಾಗುತ್ತದೆ. ಆರನೇ ದಿನ ಹೋಗಿ ಎನ್‌ಎಸ್1 ಮಾತ್ರ ಮಾಡಿಸಿ, ‘ನೆಗೆಟಿವ್ ಬಂತು, ಡೆಂಗಿ ಅಲ್ಲ’ ಎಂದು ಮನೆಗೆ ಬರಬೇಡಿ.

ಜ್ವರ ಇಳಿದಾಗಲೇ ಏಕೆ?

ಜ್ವರ ಇರುವುದು ರಕ್ತದಲ್ಲಿ ವೈರಸ್ ತುಂಬಿರುವ ದಿನಗಳಲ್ಲಿ. ಮೂರರಿಂದ ಏಳನೇ ದಿನದ ನಡುವೆ ವೈರಸ್ಸಿನ ಸಂಖ್ಯೆ ಇಳಿಯುತ್ತದೆ, ಅದರೊಂದಿಗೆ ಜ್ವರವೂ ಇಳಿಯುತ್ತದೆ. ಆದರೆ ಅಷ್ಟರಲ್ಲಿ ಎನ್‌ಎಸ್1 ಗೋಡೆಯ ಮೇಲೆ ಕೆಲಸ ಮಾಡಿಯಾಗಿರುತ್ತದೆ, ದೇಹದ ಪ್ರತಿರೋಧವೂ ಉತ್ತುಂಗಕ್ಕೇರಿರುತ್ತದೆ. ಎರಡರ ಏಟೂ ಗೋಡೆಗೆ ಒಟ್ಟಿಗೆ ಬೀಳುವುದು ಆ ಒಂದೆರಡು ದಿನ. ಥರ್ಮಾಮೀಟರ್ ಹೇಳುವುದು ವೈರಸ್ಸಿನ ಸುದ್ದಿ, ಗೋಡೆಯ ಸುದ್ದಿ ಅದಕ್ಕೆ ಗೊತ್ತಿಲ್ಲ.

ಒಳ್ಳೆಯ ಸುದ್ದಿಯೂ ಇದರಲ್ಲೇ ಇದೆ. ಗೋಡೆ ಒಡೆದಿಲ್ಲ, ಸಡಿಲವಾಗಿದೆಯಷ್ಟೆ. 48 ಗಂಟೆ ದಾಟಿದರೆ ಎಳೆಗಳು ಮತ್ತೆ ತಮ್ಮ ಜಾಗಕ್ಕೆ ಬರುತ್ತವೆ, ಕೊಂಡಿಗಳು ಸೇರುತ್ತವೆ, ಸೋರಿದ ನೀರು ಮತ್ತೆ ನಾಳಕ್ಕೆ ಮರಳುತ್ತದೆ. ಆ ಎರಡು ದಿನ ರೋಗಿಯ ರಕ್ತದೊತ್ತಡ ಬೀಳದಂತೆ ನೋಡಿಕೊಂಡರೆ, ನಿನ್ನೆ ಕಣ್ಣು ಬಿಡದ ಮಗು ನಾಳೆ ಊಟ ಕೇಳುತ್ತದೆ. ಸರಿಯಾದ ಹೊತ್ತಿಗೆ ಆಸ್ಪತ್ರೆ ಸೇರಿದ ತೀವ್ರ ಡೆಂಗಿಯ ರೋಗಿಗಳಲ್ಲಿ ಬಹುಪಾಲು ಜನ ಬದುಕುವುದು ಇದರಿಂದಲೇ.

ಎಲ್ಲರಿಗೂ ಹೀಗಾಗುವುದಿಲ್ಲ. ಡೆಂಗಿ ತಗುಲಿದವರಲ್ಲಿ ಹೆಚ್ಚಿನವರಿಗೆ ಸಾಧಾರಣ ಜ್ವರ, ಮೈಕೈ ನೋವು ಬಂದು ಹೋಗುತ್ತದೆ. ಕೆಲವರಿಗೆ ಬಂದದ್ದೇ ತಿಳಿಯುವುದಿಲ್ಲ. ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆ. ಒಂದು ಬಗೆ ಬಂದು ಹೋದರೆ ಅದೇ ಬಗೆ ಮತ್ತೆ ಬರುವುದಿಲ್ಲ, ಆದರೆ ಇನ್ನೊಂದು ಬಗೆ ಬರಬಹುದು. ಎರಡನೇ ಸಲ ಬಂದಾಗಲೇ ತೀವ್ರವಾಗುವ ಸಂಭವ ಹೆಚ್ಚು. ಹಳೆಯ ಪ್ರತಿಕಾಯಗಳು ಹೊಸ ಬಗೆಯನ್ನು ಕೊಲ್ಲಲಾರವು, ಬರೀ ಅಂಟಿಕೊಳ್ಳುತ್ತವೆ. ಪ್ರತಿಕಾಯ ಅಂಟಿದ್ದನ್ನು ನುಂಗಲು ಬರುವ ರಕ್ಷಕ ಕೋಶಗಳಿಗೆ ವೈರಸ್ ಇನ್ನೂ ಸುಲಭವಾಗಿ ನುಗ್ಗುತ್ತದೆ. ಆದ್ದರಿಂದ ‘ನನಗೆ ಹೋದ ವರ್ಷ ಬಂದಿತ್ತು, ಇನ್ನು ಭಯವಿಲ್ಲ’ ಅನ್ನುವವರು ಎಲ್ಲರಿಗಿಂತ ಹೆಚ್ಚು ಎಚ್ಚರದಲ್ಲಿರಬೇಕು.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಹುಲ್ ರಾಯ್ ಅವರ ತಂಡ 1956ರಿಂದ 2018ರವರೆಗೆ ದೇಶದ ರೋಗಿಗಳಲ್ಲಿ ಸಿಕ್ಕ ವೈರಸ್ಸಿನ 408 ಜೀನ್ ವಿವರಗಳನ್ನು ಹೋಲಿಸಿ ನೋಡಿತು. 2012ರವರೆಗೆ 1 ಮತ್ತು 3ನೇ ಬಗೆ ಮುಂದಿದ್ದವು, ಆಮೇಲೆ 2ನೇ ಬಗೆ ದೇಶದುದ್ದಕ್ಕೂ ಹಬ್ಬಿತು, 4ನೇ ಬಗೆ ದಕ್ಷಿಣದಲ್ಲಿ ನೆಲೆಯೂರುತ್ತಿದೆ ಎಂದು 2023ರಲ್ಲಿ ಪ್ರಕಟಿಸಿತು. ಹೀಗೆ ಬಗೆಗಳು ಬದಲಾಗುತ್ತಿರುವ ನಾಡಿನಲ್ಲಿ ಎರಡನೇ ಸಲದ ಸೋಂಕು ಅಪರೂಪವಲ್ಲ.

ಪ್ಲೇಟ್‌ಲೆಟ್ ಭಯ

ನಮ್ಮ ಕಡೆ ಡೆಂಗಿ ಅಂದರೆ ಮೊದಲ ಪ್ರಶ್ನೆ ‘ಪ್ಲೇಟ್‌ಲೆಟ್ ಎಷ್ಟಿದೆ?’ ಎಂಬುದೇ. ವಾಟ್ಸ್‌ಆ್ಯಪ್‌ನಲ್ಲಿ ರಕ್ತದಾನಿಗಳಿಗಾಗಿ ಮೊರೆ, ಹುಬ್ಬಳ್ಳಿಗೋ ದಾವಣಗೆರೆಗೋ ಓಟ, ಪಪ್ಪಾಯಿ ಎಲೆಯ ಹುಡುಕಾಟ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿಯುವುದು ನಿಜ. ಒಂದೂವರೆ ಲಕ್ಷಕ್ಕಿಂತ ಮೇಲಿರಬೇಕಾದದ್ದು ಐವತ್ತು ಸಾವಿರಕ್ಕೂ ಇಳಿಯಬಹುದು. ಆದರೆ ಹೆಚ್ಚಿನವರಲ್ಲಿ ಅದು ತಾನಾಗಿ ಏರುತ್ತದೆ. ಸಿಂಗಪುರ ಮತ್ತು ಮಲೇಷ್ಯಾದಲ್ಲಿ, ಪ್ಲೇಟ್‌ಲೆಟ್ 20,000 ಅಥವಾ ಅದಕ್ಕಿಂತ ಕಡಿಮೆಯಿದ್ದ, ಆದರೆ ರಕ್ತಸ್ರಾವವಿಲ್ಲದ 372 ವಯಸ್ಕ ರೋಗಿಗಳಲ್ಲಿ ಅರ್ಧದಷ್ಟು ಜನಕ್ಕೆ ಪ್ಲೇಟ್‌ಲೆಟ್ ಕೊಟ್ಟು, ಉಳಿದವರಿಗೆ ಕೊಡದೆ ನೋಡಿದರು. 2017ರಲ್ಲಿ ಫಲಿತಾಂಶ ಬಂತು. ರಕ್ತಸ್ರಾವ ತಡೆಯುವುದರಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ, ಕೊಡಿಸಿಕೊಂಡವರಲ್ಲಿ ಅಡ್ಡಪರಿಣಾಮಗಳು ಹೆಚ್ಚಿದ್ದವು. ರಕ್ತಸ್ರಾವವಿಲ್ಲದಿದ್ದರೆ ಹತ್ತು ಸಾವಿರಕ್ಕಿಂತ ಕೆಳಗಿಳಿದಾಗ ಮಾತ್ರ ಯೋಚಿಸಿ ಎಂಬುದು ನಮ್ಮ ರಾಷ್ಟ್ರೀಯ ಮಾರ್ಗಸೂಚಿ. ಪಪ್ಪಾಯಿ ಎಲೆಯ ರಸದಿಂದ ಎಣಿಕೆ ಏರಿದ್ದು ಕೆಲವು ಸಣ್ಣ ಅಧ್ಯಯನಗಳಲ್ಲಿ ಕಂಡಿದೆ, ಆದರೆ ಅದು ಸೋರಿಕೆ ನಿಲ್ಲಿಸುತ್ತದೆ ಎಂಬುದಕ್ಕೆ ಆಧಾರವಿಲ್ಲ. ವಾಂತಿ ಮಾಡುತ್ತಿರುವ ಮಗುವಿಗೆ ಆ ಕಹಿಯನ್ನು ಬಲವಂತವಾಗಿ ಕುಡಿಸಿದರೆ ಒಳಗಿದ್ದ ನೀರೂ ಹೊರಬರುತ್ತದೆ.

ಅದೇ ರಕ್ತಪರೀಕ್ಷೆಯ ಚೀಟಿಯಲ್ಲಿ ಇನ್ನೊಂದು ಸಾಲಿದೆ, ಅದನ್ನು ಯಾರೂ ಓದುವುದಿಲ್ಲ. ಪಿಸಿವಿ ಅಥವಾ ಎಚ್‌ಸಿಟಿ ಎಂದು ಬರೆದಿರುತ್ತಾರೆ. ರಕ್ತದಲ್ಲಿ ಕೆಂಪು ಕಣಗಳ ಪಾಲು ನೂರಕ್ಕೆ ಎಷ್ಟು ಎಂಬುದು ಅದರ ಅರ್ಥ. ಒಲೆಯ ಮೇಲಿಟ್ಟ ಶೋರ್ಬಾದ ನೀರು ಆವಿಯಾದರೆ ಉಳಿದದ್ದು ಗಟ್ಟಿಯಾಗುತ್ತದಲ್ಲ, ಹಾಗೆಯೇ ನಾಳದಿಂದ ನೀರು ಸೋರಿದರೆ ರಕ್ತ ಗಟ್ಟಿಯಾಗಿ ಈ ಅಂಕಿ ಏರುತ್ತದೆ. ಮೊದಲ ದಿನ 39 ಇದ್ದದ್ದು ಐದನೇ ದಿನ 47 ಆಗಿದ್ದರೆ ನೂರಕ್ಕೆ 20ರಷ್ಟು ಏರಿದೆ ಎಂದರ್ಥ, ಸೋರಿಕೆ ಗಣನೀಯವಾಗಿದೆ. ಪ್ಲೇಟ್‌ಲೆಟ್ ಬೇಗ ಬೇಗ ಇಳಿಯುತ್ತ ಪಿಸಿವಿ ಏರುತ್ತಿದ್ದರೆ ಅದು ಎಚ್ಚರಿಕೆಯ ಗಂಟೆ. ಪ್ಲೇಟ್‌ಲೆಟ್ ಇಳಿದಿದ್ದರೂ ಪಿಸಿವಿ ಹಾಗೇ ಇದ್ದು, ರಕ್ತಸ್ರಾವವಿಲ್ಲದೆ, ರೋಗಿ ಚೆನ್ನಾಗಿ ಕುಡಿಯುತ್ತ ಮೂತ್ರ ಮಾಡುತ್ತಿದ್ದರೆ ಅಷ್ಟು ಗಾಬರಿ ಬೇಡ. ಎಲ್ಲ ಚೀಟಿಗಳನ್ನೂ ದಿನಾಂಕದ ಪ್ರಕಾರ ಒಂದೇ ಕವರಿನಲ್ಲಿ ಇಡಿ. ಆಸ್ಪತ್ರೆ ಬದಲಾಯಿಸಬೇಕಾಗಿ ಬಂದರೆ ಮೊದಲ ದಿನದ ಅಂಕಿ ಹೊಸ ವೈದ್ಯರಿಗೆ ಬಹಳ ಬೆಲೆಯುಳ್ಳದ್ದು.

ಮನೆಯಲ್ಲಿ ಏನು ಮಾಡಬೇಕು

ಜ್ವರಕ್ಕೆ ಪ್ಯಾರಾಸಿಟಮಾಲ್ ಮಾತ್ರ, ಅದೂ ವೈದ್ಯರು ತೂಕ ನೋಡಿ ಹೇಳಿದ ಅಳತೆಯಲ್ಲಿ. ಮೈಕೈ ನೋವೆಂದು ಆಸ್ಪಿರಿನ್, ಐಬುಪ್ರೊಫೆನ್, ಡೈಕ್ಲೊಫೆನಾಕ್ ತೆಗೆದುಕೊಳ್ಳಬೇಡಿ. ಇವು ರಕ್ತಸ್ರಾವ ಹೆಚ್ಚಿಸುತ್ತವೆ, ಹೊಟ್ಟೆಯ ಒಳಪದರ ಕೆಡಿಸುತ್ತವೆ. ಮೆಡಿಕಲ್ ಅಂಗಡಿಯಲ್ಲಿ ‘ಜ್ವರಕ್ಕೆ, ನೋವಿಗೆ ಒಂದು ಗುಳಿಗೆ ಕೊಡಿ’ ಎಂದು ಕೇಳಿ ತಂದದ್ದರಲ್ಲಿ ಇವು ಸೇರಿರಬಹುದು, ಹೆಸರು ಓದಿ. ನೋವಿಗೆ ಇಂಜೆಕ್ಷನ್ ಕೊಡಿ ಎಂದು ಒತ್ತಾಯಿಸುವುದೂ ಬೇಡ.

ಗೋಡೆ ಸೋರುವಾಗ ಕೊಡಕ್ಕೆ ನೀರು ಹಾಕುತ್ತಲೇ ಇರಬೇಕು. ಓಆರ್‌ಎಸ್, ಗಂಜಿ, ಮಜ್ಜಿಗೆ, ಎಳನೀರು, ತೆಳು ಶೋರ್ಬಾ, ಯಾವುದು ಹಿಡಿಸುತ್ತದೋ ಅದನ್ನು ಗುಟುಕು ಗುಟುಕಾಗಿ ಕೊಡಿ. ಬರೀ ನೀರು ಸಾಲದು, ಉಪ್ಪೂ ಬೇಕು. ಎಷ್ಟು ಕುಡಿದರು ಎಂಬುದಕ್ಕಿಂತ ಎಷ್ಟು ಮೂತ್ರವಾಯಿತು ಎಂಬುದು ಖಚಿತ ಲೆಕ್ಕ. ನಾಲ್ಕರಿಂದ ಆರು ಗಂಟೆಗೊಮ್ಮೆಯಾದರೂ ಆಗಬೇಕು. ಗೋಡೆಯ ಕ್ಯಾಲೆಂಡರಿನ ಮೇಲೆ ಜ್ವರ ಶುರುವಾದ ದಿನಕ್ಕೆ ಗುರುತು ಹಾಕಿ, ಮೂತ್ರದ ಹೊತ್ತನ್ನೂ ಬರೆಯಿರಿ. ರಮಜಾನಿನ ದಿನಗಳಲ್ಲಿ ಡೆಂಗಿ ಬಂದರೆ ರೋಜಾ ಹಿಡಿಯುವ ಹಟ ಬೇಡ. ರೋಗಿಗೆ ರಿಯಾಯಿತಿ ಇರುವುದು ನಿಮಗೆ ಗೊತ್ತಿರುವುದೇ, ಗುಣವಾದ ಮೇಲೆ ಕಜಾ ಮಾಡಬಹುದು. ಮನೆಯ ಹಿರಿಯ ಹೆಂಗಸರಿಗೆ ಇದನ್ನು ಹೇಳಿ ಒಪ್ಪಿಸುವುದು ಕಷ್ಟ, ಆದರೂ ಒಪ್ಪಿಸಲೇಬೇಕು.

ಇನ್ನು ಆಸ್ಪತ್ರೆಗೆ ಓಡಬೇಕಾದ ಸೂಚನೆಗಳು. ತಡೆಯಲಾರದ, ಬಿಡದ ಹೊಟ್ಟೆ ನೋವು. ಮೇಲಿಂದ ಮೇಲೆ ವಾಂತಿ. ವಸಡು ಅಥವಾ ಮೂಗಿನಲ್ಲಿ ರಕ್ತ, ಕಪ್ಪು ಮಲ, ಹೆಣ್ಣುಮಕ್ಕಳಲ್ಲಿ ಮುಟ್ಟಿನ ಸ್ರಾವ ಎಂದಿಗಿಂತ ಹೆಚ್ಚು. ಈ ಕೊನೆಯದನ್ನು ಹುಡುಗಿಯರು ಸಂಕೋಚದಿಂದ ಹೇಳುವುದಿಲ್ಲ, ತಾಯಂದಿರು ಕೇಳಿ ತಿಳಿದುಕೊಳ್ಳಬೇಕು. ಮಂಪರು, ಇಲ್ಲವೇ ಅಕಾರಣ ಚಡಪಡಿಕೆ. ಉಸಿರಾಟದ ತೊಂದರೆ. ಆರು ಗಂಟೆ ಮೂತ್ರವಿಲ್ಲದಿರುವುದು. ತಣ್ಣನೆಯ ಬೆವರುವ ಕೈಕಾಲು. ಇವುಗಳಲ್ಲಿ ಒಂದು ಕಂಡರೂ ಸಾಕು, ಜ್ವರ ಇರಲಿ ಇಲ್ಲದಿರಲಿ, ರಾತ್ರಿ ಎರಡು ಗಂಟೆಯಾಗಿರಲಿ, ಹೊರಡಿ. ಬ್ಯಾಡಗಿ, ರಾಣೆಬೆನ್ನೂರಿನ ತಾಲ್ಲೂಕು ಆಸ್ಪತ್ರೆಗಳಿವೆ, ಹಾವೇರಿಯಲ್ಲಿ ಜಿಲ್ಲಾ ಆಸ್ಪತ್ರೆಯಿದೆ, 108 ಇದೆ. ಗರ್ಭಿಣಿಯರು, ಒಂದು ವರ್ಷದೊಳಗಿನ ಕೂಸುಗಳು, ವೃದ್ಧರು, ಸಕ್ಕರೆ ಕಾಯಿಲೆಯವರು ಈ ಸೂಚನೆಗಳಿಗೆ ಕಾಯದೆ ಮೊದಲೇ ವೈದ್ಯರ ಕಣ್ಣಲ್ಲಿರಬೇಕು.

ಆಸ್ಪತ್ರೆಯಲ್ಲಿ ಬಿ.ಪಿ. ನೋಡಿದಾಗ ಎರಡು ಅಂಕಿ ಹೇಳುತ್ತಾರೆ. ಮೇಲಿನದು ಸರಿಯಿದ್ದರೆ ಸಾಕು ಅಂದುಕೊಳ್ಳುತ್ತೇವೆ. ಡೆಂಗಿಯಲ್ಲಿ ಎರಡರ ನಡುವಿನ ಅಂತರ ಮುಖ್ಯ. 100/85 ಎಂದು ಬಂದರೆ ಮೇಲಿನ ಅಂಕಿ ಬಿದ್ದಂತೆ ಕಾಣುವುದಿಲ್ಲ, ಆದರೆ ಅಂತರ ಬರೀ 15. ಈ ಅಂತರ 20ಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಳಿದರೆ ಶಾಕ್ ಶುರುವಾಗಿದೆ ಎಂದೇ ವೈದ್ಯರು ನೋಡುತ್ತಾರೆ.

ಸಲೈನ್ ಬಾಟಲಿಯ ಬಗ್ಗೆ ಒಂದು ಮಾತು. ‘ಒಂದು ಬಾಟಲಿಯಾದರೂ ಏರಿಸಿ’ ಎಂದು ವೈದ್ಯರನ್ನು ಕಾಡುವ ರೂಢಿ ನಮ್ಮಲ್ಲಿದೆ. ಸೋರುವ ಆ 48 ಗಂಟೆಗಳಲ್ಲಿ ಬೇಕಾದವರಿಗೆ ಅದು ಜೀವ ಉಳಿಸುತ್ತದೆ. ಆದರೆ ಗೋಡೆ ಮತ್ತೆ ಬಿಗಿಯಾದ ಮೇಲೆ ಹೊರಗೆ ಸೋರಿದ್ದ ನೀರೆಲ್ಲ ನಾಳಕ್ಕೆ ವಾಪಸು ಬರುತ್ತದೆ. ಆಗಲೂ ಬಾಟಲಿ ಏರಿಸುತ್ತಲೇ ಇದ್ದರೆ ನೀರು ಹೆಚ್ಚಾಗಿ ಶ್ವಾಸಕೋಶ ತುಂಬಿ ಉಸಿರು ಕಟ್ಟುತ್ತದೆ. ಯಾವಾಗ ಕೊಡಬೇಕು, ಎಷ್ಟು ಕೊಡಬೇಕು, ಯಾವಾಗ ನಿಲ್ಲಿಸಬೇಕು ಎಂಬುದು ಗಂಟೆ ಗಂಟೆಗೆ ತೂಗಿ ನೋಡುವ ಕೆಲಸ. ವೈದ್ಯರು ‘ಇನ್ನು ಬಾಟಲಿ ಬೇಡ’ ಅಂದರೆ ಅದು ನಿರ್ಲಕ್ಷ್ಯವಲ್ಲ.

ನೀರು ತುಂಬಿಡುವ ಊರುಗಳು

ನಲ್ಲಿ ನೀರು ದಿನವೂ ಬಾರದ ಓಣಿಗಳು ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಮೂರರಲ್ಲೂ ಇವೆ. ನೀರು ತುಂಬಿಡುವುದು ತಪ್ಪಲ್ಲ, ಬೇರೆ ದಾರಿಯೇ ಇಲ್ಲ. ಆದರೆ ಈಡಿಸ್ ಸೊಳ್ಳೆಗೆ ಬೇಕಾದದ್ದು ಇಂಥ ನಿಂತ, ಸ್ವಚ್ಛ ನೀರೇ. ಗಟಾರ ಹರಿಯುತ್ತಿಲ್ಲ ಎಂದು ಪುರಸಭೆಯನ್ನು ಬೈಯುವುದು ಸರಿ, ಅದು ಬೇರೆ ಸೊಳ್ಳೆಯ ಲೆಕ್ಕ. ಡೆಂಗಿಯ ಸೊಳ್ಳೆ ಹುಟ್ಟುವುದು ನಮ್ಮ ಬಚ್ಚಲಿನ ಬ್ಯಾರಲ್‌ನಲ್ಲಿ, ಮುಚ್ಚಳ ಒಡೆದ ಸಿಂಟೆಕ್ಸ್‌ನಲ್ಲಿ, ಫ್ರಿಜ್ಜಿನ ಹಿಂದಿನ ತಟ್ಟೆಯಲ್ಲಿ, ದನದ ಬಾನಿಯಲ್ಲಿ, ಗ್ಯಾರೇಜಿನ ಟೈರಿನಲ್ಲಿ, ಮೆಣಸಿನಕಾಯಿ ಚೀಲಗಳಿಗೆ ಹೊದಿಸಿದ ತಾಡಪಾಲಿನ ಮಡಿಕೆಯಲ್ಲಿ.

ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಏಳರಿಂದ ಹತ್ತು ದಿನ ಸಾಕು. ಆದ್ದರಿಂದ ವಾರಕ್ಕೊಮ್ಮೆ ಎಲ್ಲ ಪಾತ್ರೆ ಬರಿದು ಮಾಡಬೇಕು. ಬರೀ ನೀರು ಚೆಲ್ಲಿದರೆ ಸಾಲದು. ಮೊಟ್ಟೆಗಳು ನೀರಿನ ಮಟ್ಟಕ್ಕಿಂತ ಸ್ವಲ್ಪ ಮೇಲೆ ಪಾತ್ರೆಯ ಒಳಗೋಡೆಗೆ ಅಂಟಿರುತ್ತವೆ, ಒಣಗಿದರೂ ತಿಂಗಳುಗಟ್ಟಲೆ ಸಾಯುವುದಿಲ್ಲ. ತೆಂಗಿನ ನಾರು ಅಥವಾ ಬ್ರಷ್ ಹಿಡಿದು ಒಳಗೋಡೆ ತಿಕ್ಕಿ, ಒಣಗಿಸಿ, ಮತ್ತೆ ತುಂಬಿ. ಬ್ಯಾರಲ್‌ಗೆ ಹಳೆಯ ಓಢಣಿಯನ್ನು ಬಿಗಿಯಾಗಿ ಕಟ್ಟಿದರೂ ಸೊಳ್ಳೆ ಒಳಹೋಗದು.

ಮಸೀದಿಯ ವುಜೂ ಹೌಜು ದೊಡ್ಡದು, ವಾರಕ್ಕೊಮ್ಮೆ ಬರಿದು ಮಾಡುವುದಾಗದು. ಅದರಲ್ಲಿ ಗಪ್ಪಿ ಮೀನು ಬಿಡಬಹುದು, ಅವು ಮರಿಹುಳುಗಳನ್ನು ತಿಂದು ಮುಗಿಸುತ್ತವೆ. ಆರೋಗ್ಯ ಇಲಾಖೆಯವರನ್ನು ಕೇಳಿದರೆ ಮೀನು ಕೊಡುತ್ತಾರೆ. ಹೌಜಿಗಿಂತ ಹೆಚ್ಚಾಗಿ ಮರೆತುಹೋಗುವುದು ಮೂಲೆಯಲ್ಲಿ ಅರ್ಧ ನೀರು ತುಂಬಿ ಬಿಟ್ಟ ಬದನಾಗಳು, ಖಬರಸ್ತಾನದಲ್ಲಿ ಗಿಡಕ್ಕೆ ನೀರು ಹಾಕಲು ಇಟ್ಟ ಡಬ್ಬಗಳು. ಈ ಸೊಳ್ಳೆ ಕಚ್ಚುವುದು ಹಗಲಲ್ಲಿ, ಅದರಲ್ಲೂ ಬೆಳಗಿನ ಹೊತ್ತು ಮತ್ತು ಅಸರ್‌ನಿಂದ ಮಗ್ರಿಬ್‌ವರೆಗೆ. ಮಕ್ಕಳು ಮದ್ರಸಾದಲ್ಲಿ ಕೂರುವುದೂ ಬಹುಮಟ್ಟಿಗೆ ಅದೇ ಹೊತ್ತಿನಲ್ಲಿ. ಅಲ್ಲಿನ ಕಿಟಕಿಗೆ ಜಾಳಿಗೆ ಹಾಕಿಸುವುದು ಕಮಿಟಿಯವರಿಗೆ ದೊಡ್ಡ ಖರ್ಚಲ್ಲ. ಮನೆಯಲ್ಲಿ ಡೆಂಗಿ ರೋಗಿ ಇದ್ದರೆ ಹಗಲೂ ಸೊಳ್ಳೆಪರದೆಯೊಳಗೆ ಮಲಗಿಸಿ, ಇಲ್ಲದಿದ್ದರೆ ಅವರನ್ನು ಕಚ್ಚಿದ ಸೊಳ್ಳೆ ಇಡೀ ಓಣಿಗೆ ಹಂಚುತ್ತದೆ.

ಆಶಾ ಕಾರ್ಯಕರ್ತೆಯರು ಲಾರ್ವಾ ನೋಡಲು ಬಂದಾಗ ‘ಮನೆಯಲ್ಲಿ ಗಂಡಸರಿಲ್ಲ’ ಎಂದು ಬಾಗಿಲಿನಿಂದಲೇ ಕಳಿಸಬೇಡಿ. ಅವರೂ ಹೆಣ್ಣುಮಕ್ಕಳೇ, ಬಚ್ಚಲವರೆಗೆ ಬಂದು ಬ್ಯಾರಲ್‌ಗೆ ಟಾರ್ಚ್ ಬಿಟ್ಟು ನೋಡಿ ಹೋಗುತ್ತಾರೆ. 2024ರ ಅಧಿಸೂಚನೆಯ ಪ್ರಕಾರ ಸೊಳ್ಳೆ ಬೆಳೆಯಲು ಬಿಟ್ಟ ಮನೆಗೆ ಪಟ್ಟಣದಲ್ಲಿ 400 ರೂಪಾಯಿ, ಹಳ್ಳಿಯಲ್ಲಿ 200 ರೂಪಾಯಿ ದಂಡವಿದೆ.

ಸೋರುವ ಗೋಡೆಯನ್ನು ನೇರವಾಗಿ ಬಿಗಿಗೊಳಿಸುವ ಔಷಧ ಇನ್ನೂ ಆಸ್ಪತ್ರೆಗೆ ಬಂದಿಲ್ಲ. ಎನ್‌ಎಸ್1ಗೆ ಅಂಟಿಕೊಂಡು ಅದು ಗೋಡೆಯನ್ನು ಮುಟ್ಟದಂತೆ ತಡೆಯುವ ಒಂದು ಪ್ರತಿಕಾಯ ಇಲಿಗಳನ್ನು ಕಾಪಾಡಿದ್ದು 2021ರಲ್ಲಿ ಪ್ರಕಟವಾಗಿದೆ. ಮನುಷ್ಯರಿಗೆ ಬರಲು ಅದಕ್ಕಿನ್ನೂ ದೂರದ ದಾರಿಯಿದೆ. ನಮ್ಮ ದೇಶದ್ದೇ ಆದ ‘ಡೆಂಗಿಆಲ್’ ಲಸಿಕೆಯ ಮೂರನೇ ಹಂತದ ಪರೀಕ್ಷೆಯನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಪನೇಸಿಯಾ ಬಯೊಟೆಕ್ ಕಂಪನಿ 2024ರ ಆಗಸ್ಟ್‌ನಲ್ಲಿ ರೋಹ್ಟಕ್‌ನಲ್ಲಿ ಆರಂಭಿಸಿದವು. ನಾಲ್ಕೂ ಬಗೆಗಳಿಗೆ ಒಂದೇ ಲಸಿಕೆ ಅದು, ಹತ್ತು ಸಾವಿರಕ್ಕೂ ಹೆಚ್ಚು ಸ್ವಯಂಸೇವಕರ ಮೇಲೆ ಪರೀಕ್ಷಿಸುವ ಯೋಜನೆ. ನಾಲ್ಕಕ್ಕೂ ಒಂದೇ ಎಂದು ಪಟ್ಟು ಹಿಡಿದಿರುವ ಕಾರಣ ಮೇಲೆ ಹೇಳಿದ್ದೇ: ಒಂದು ಬಗೆಗೆ ಮಾತ್ರ ರಕ್ಷಣೆ ಕೊಟ್ಟರೆ, ಇನ್ನೊಂದು ಬಗೆ ಬಂದಾಗ ಅದು ಎರಡನೇ ಸಲದ ಸೋಂಕಿನ ಹಾಗೆ ಆಗಬಹುದು.